ಗಿರಣಿಮನೆಯ ಮಂಚ

ಸಾನ್ ಬೆರಾರ್ದೊ
ಅಕ್ಟೋಬರ್ ೯, ೨೦೧೯, ಬುಧವಾರ

ಒಲುಮೆಯ ತಮ್ಮ ಪ್ಲಾಚಿದೊ,

ಪ್ರಭುವಿನ ಶಾಂತಿ ನಿನ್ನ ಮೇಲೂ ಓರ್ನೆಲ್ಲಾಳ ಮೇಲೂ ನೆಲೆಸಿರಲಿ. ನಾನು ಆರೋಗ್ಯದಿಂದಿದ್ದೇನೆ. ನಿನ್ನ ಪತ್ರ ಮಾತೆ ಮರಿಯಮ್ಮನವರ ಜನ್ಮೋತ್ಸವದ ವಾರದಲ್ಲಿಯೇ ಕೈಸೇರಿತ್ತು. ಉತ್ತರಕ್ಕೆ ತಿಂಗಳು ಹಿಡಿಯಿತು. ಕಣ್ಣು ಮಂಜಾಗಿತ್ತು, ಕೈ ನಡುಗುತ್ತಿತ್ತು ಎಂದು ಬರೆಯಬಹುದಿತ್ತು. ಆದರೆ ಹೊಸ ಕನ್ನಡಕ ಚೆನ್ನಾಗಿ ಕಾಣಿಸುತ್ತದೆ, ಕೈಯೂ ಇನ್ನೂ ಹೇಳಿದಂತೆ ಕೇಳುತ್ತದೆ. ಆದುದರಿಂದ ತಡವಾದದ್ದಕ್ಕೆ ಕ್ಷಮೆಯನ್ನಷ್ಟೇ ಬೇಡುತ್ತೇನೆ. ಕಾರಣವನ್ನು ಈ ಪತ್ರವೇ ಮುಂದೆ ಹೇಳೀತು.

ನೀನು ಎರಡು ಸಂಗತಿ ಕೇಳಿದ್ದೆ. ಮದುವೆಯ ಮರುದಿನದಿಂದ ಒಂದು ವಾರ ನೀವಿಬ್ಬರೂ ತಂಗಲು ಹಳ್ಳಿಗಾಡಿನಲ್ಲಿ ಒಂದು ಚೆಂದದ ಮನೆ ನೋಡಿಡು ಎಂಬುದು ಮೊದಲನೆಯದು. ಹೊಳೆಯ ಸದ್ದು ಕೇಳಿಸಬೇಕು, ಮಲಗುವ ಕೋಣೆಯಲ್ಲಿ ಬೆಂಕಿಗೂಡಿರಬೇಕು, ಇವು ಓರ್ನೆಲ್ಲಾಳ ಆಸೆಗಳು. ಅಲ್ಲಿ ಯಾರೂ ನಿನ್ನನ್ನು ಗುರುಗಳಿಗೆ ಹೇಳುವಂತೆ ‘ದೊನ್ ಪ್ಲಾಚಿದೊ’ ಎಂದು ಕರೆಯಬಾರದು. ಇದು ನಿನ್ನ ಒಂದೇ ಷರತ್ತು. ಎರಡನೆಯದು ಮದುವೆಯದೇ. ಹತ್ತೊಂಬತ್ತನೆಯ ತಾರೀಖು, ಶನಿವಾರ, ಅಂಕೋನಾದ ಚಿಕ್ಕ ಚರ್ಚಿನ ಪಕ್ಕದ ಪೀಠದಲ್ಲಿ, ಧರ್ಮಾಧ್ಯಕ್ಷರ ಅಪ್ಪಣೆಯಂತೆ ಯಾವ ಆಡಂಬರವೂ ಇಲ್ಲದೆ ನಡೆಯುವ ಆ ಮದುವೆಗೆ ಇಬ್ಬರು ಸಾಕ್ಷಿಗಳು ಬೇಕು. ಓರ್ನೆಲ್ಲಾಳ ಕಡೆಯಿಂದ ಅವಳ ತಂಗಿ. ನಿನ್ನ ಕಡೆಯಿಂದ ನಾನು. “ಬರುತ್ತೀಯಾ ಅಕ್ಕ? ಬಾರದಿದ್ದರೆ ಚರ್ಚಿನ ಗಂಟೆ ಬಾರಿಸುವವನನ್ನು ನಿಲ್ಲಿಸಿಕೊಳ್ಳುತ್ತೇನೆ. ನಿನ್ನನ್ನು ದೂರುವುದಿಲ್ಲ” ಎಂದು ಬರೆದಿದ್ದೆ. ಆ ಕೊನೆಯ ವಾಕ್ಯವನ್ನು ಬರೆಯದೆ ಇದ್ದಿದ್ದರೆ ಚೆನ್ನಾಗಿತ್ತು.

ಮೊದಲನೆಯದಕ್ಕೆ ಒಂದು ಕಾರು ಸಾಕಿತ್ತು. ಎರಡನೆಯದಕ್ಕೆ ಏನು ಬೇಕೆಂಬುದು ನನಗೇ ತಿಳಿದಿರಲಿಲ್ಲ. ಆದುದರಿಂದ ಮೊದಲನೆಯದನ್ನೇ ಮೊದಲು ಕೈಗೆತ್ತಿಕೊಂಡೆ.

ಅದಕ್ಕೂ ಮುನ್ನ ಊರಿನ ನಾಲ್ಕು ಮಾತು. ಗುರುವಾಗಿ ನಿನ್ನ ಸ್ಥಾನಕ್ಕೆ ಕಾಂಗೋ ದೇಶದಿಂದ ಬಂದಿರುವ ದೊನ್ ಸೆಲೆಸ್ತೀನ್ ಒಳ್ಳೆಯ ಮನುಷ್ಯ. ಪ್ರಬೋಧನೆ ಚಿಕ್ಕದು, ಕಂಠ ದೊಡ್ಡದು. ಅವರು ಹಾಡತೊಡಗಿದರೆ ಗೋಪುರದ ಪಾರಿವಾಳಗಳು ಎದ್ದು ಹೋಗುತ್ತವೆ. ನನ್ನನ್ನು ‘ಅಮ್ಮ ಎರ್ಸೀಲಿಯಾ’ ಎನ್ನುತ್ತಾರೆ. ಪೀಠದ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುವ ಕೆಲಸ ಇನ್ನೂ ನನ್ನದೇ. ಗುರುಮನೆಯ ಕೀಲಿಕೈ ಮಾತ್ರ ಅವರಿಗೆ ಒಪ್ಪಿಸಿ, ಪಡುಗಾಳಿ ಬೀಸಿದಾಗ ಅಡಿಗೆಮನೆಯ ಹೊಗೆ ಒಳಕ್ಕೇ ಮರಳುತ್ತದೆಂದು ಹೇಳಿಕೊಟ್ಟು, ಹಳೆಯ ಬ್ರೆಡ್ಡಿನ ಭಟ್ಟಿಯ ಮೇಲಿನ ಎರಡು ಕೋಣೆಗಳಿಗೆ ಬಂದಿರುವುದು ನಿನಗೆ ಗೊತ್ತೇ ಇದೆ. ನೀನು ದೀಕ್ಷೆಯನ್ನು ಬಿಟ್ಟೆಯೆಂದು ಊರಿಗೆ ತಿಳಿದಿದೆ. ಅಂಕೋನಾದಲ್ಲಿ ಮಕ್ಕಳಿಗೆ ಲ್ಯಾಟಿನ್ ಕಲಿಸುತ್ತಿದ್ದೀಯೆಂದೂ ತಿಳಿದಿದೆ. ಮದುವೆಯ ಸುದ್ದಿಯನ್ನು ನಾನು ಯಾರೆದುರಿಗೂ ಆಡಿರಲಿಲ್ಲ. ಯಾರೂ ಇಲ್ಲದಾಗ, ನನ್ನಷ್ಟಕ್ಕೆ ಕೂಡ, ಆ ವಾಕ್ಯ ನನ್ನ ಬಾಯಿಂದ ಹೊರಟಿರಲಿಲ್ಲ.

ಕಾರು ಗೌದೆನ್ಸಿಯೊನದು. ಸುಲ್ಮೋನಾದ ಬಸ್ಸು ಓಡಿಸುವುದನ್ನು ಬಿಟ್ಟು ಎಷ್ಟೋ ವರ್ಷಗಳಾದರೂ ಅವನಿಗೆ ಮನೆಯಲ್ಲಿ ಕುಳಿತು ಅಭ್ಯಾಸವಾಗಿಲ್ಲ. ಯಾರು ಎಲ್ಲಿಗೆ ಕರೆದರೂ ಟೋಪಿ ಹಾಕಿಕೊಂಡು ಹೊರಡುತ್ತಾನೆ. ನೆಂಟರಿಗೊಂದು ತಂಗುಮನೆ ನೋಡಬೇಕೆಂದು ಹೇಳಿದೆ.

“ಯಾವ ನೆಂಟ್ರು?” ಎಂದ.

“ದೂರದವ್ರು.”

“ಎಷ್ಟು ದೂರ?”

“ಅಂಕೋನಾ.”

“ಹೂಂ.” ತಿರುವಿನಲ್ಲಿ ಗೇರು ಬದಲಿಸಿದ. “ಅಷ್ಟು ದೂರದ ನೆಂಟ್ರು ನಿಮಗೆ ಒಬ್ರೇ ಅಲ್ವಾ ಇರೋದು.”

ಆಮೇಲೆ ಆ ವಿಷಯವನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೊದಲು ನೋಡಿದ್ದು ಒಫೇನಾದ ಆಚೆಯ ದ್ರಾಕ್ಷಿತೋಟದ ಮನೆ. ಅದರ ಚೆಲುವನ್ನು ಅಲ್ಲಗಳೆಯಲಾರೆ. ಮೇಲಂತಸ್ತಿನ ಕೋಣೆಯ ಕಿಟಕಿ ತೆರೆದರೆ ಎದುರಿಗೆ ಗ್ರಾನ್ ಸಾಸ್ಸೊ ಪರ್ವತ ಇಡಿಯಾಗಿ ನಿಂತಿರುತ್ತದೆ. ಜಗಲಿಯ ಮೇಲೆ ಬಳ್ಳಿಯ ಚಪ್ಪರ. ಹೊಸ ಜೋಡಿಗಳಿಗೆಂದು ಬೆಂಕಿಗೂಡಿನ ಪಕ್ಕದಲ್ಲೇ ತಾಮ್ರದ ಸ್ನಾನದ ತೊಟ್ಟಿ. ಆದರೆ ಈ ವಿವರಗಳನ್ನು ನಾನು ಕಂಡದ್ದು ಆಮೇಲೆ. ಕಾರಿನಿಂದ ಒಂದು ಕಾಲು ಕೆಳಗಿಟ್ಟಿದ್ದೆ, ಅಷ್ಟರಲ್ಲಿ ಮನೆಯೊಡತಿ ಹಿಟ್ಟಿನ ಕೈಯಲ್ಲೇ ಓಡಿಬಂದಳು.

“ಅಯ್ಯೋ, ಬನ್ರೋ, ಯಾರ್ ಬಂದಿದಾರೆ ನೋಡ್ರೋ! ದೊನ್ ಪ್ಲಾಚಿದೊ ಅವ್ರ ಅಕ್ಕ! ನಮ್ಮ ಮೀಕೇಲೆಗೆ ಜ್ಞಾನಸ್ನಾನ ಕೊಟ್ಟೋರು ಅವ್ರೇ ಅಲ್ವಾ!”

ಒಳಗೆ ಗೋಡೆಯ ಮೇಲೆ ಪಟವೂ ಇತ್ತು. ನೀನು ನೀರು ಹೊಯ್ಯುತ್ತಿದ್ದೀಯೆ, ಮಗು ಬಾಯಿ ಹರಿಯುವಂತೆ ಅಳುತ್ತಿದೆ, ಚೌಕಟ್ಟಿನ ಅಂಚಿನಲ್ಲಿ ಟವೆಲು ಹಿಡಿದ ನನ್ನ ಅರ್ಧ ತೋಳು. ಬಂದ ಕಾರಣವನ್ನು ಹೇಳುವಂತಿರಲಿಲ್ಲ. ಗೌದೆನ್ಸಿಯೊ ಗಂಟಲು ಸರಿಮಾಡಿಕೊಂಡು, “ಎಣ್ಣೆ ಮುಗಿದಿತ್ತು, ಒಂದು ಡಬ್ಬ ಒಯ್ಯೋಣಾಂತ ಬಂದ್ವಿ” ಎಂದ. ಹೀಗೆ ನನ್ನ ಮನೆಯಲ್ಲಿ ಈಗ ಬೇಕಾದದ್ದಕ್ಕಿಂತ ಹೆಚ್ಚು ಆಲಿವ್ ಎಣ್ಣೆಯಿದೆ. ‘ದೊನ್ ಪ್ಲಾಚಿದೊ ಅವ್ರಿಗೆ’ ಎಂದು ಆಕೆ ಒತ್ತಾಯದಿಂದ ಕೊಟ್ಟ ಒಂದು ಬಾಟಲಿ ದ್ರಾಕ್ಷಾರಸವೂ ಇದೆ. ಅದನ್ನು ತಂದುಕೊಡುತ್ತೇನೆ.

ಎರಡನೆಯ ಮನೆಗೆ ನಿನ್ನ ಷರತ್ತಿನ ಭಯವಿರಲಿಲ್ಲ. ಮಿಲಾನಿನಿಂದ ಬಂದ ಗಂಡಹೆಂಡಿರು ನಡೆಸುವ ಮನೆಯದು. ಜನವಿಲ್ಲದೆ ಮುಚ್ಚಿಹೋದ, ಧರ್ಮಾಧ್ಯಕ್ಷರು ಪ್ರತಿಷ್ಠೆಯನ್ನು ತೆಗೆಸಿ ಮಾರಿದ, ಒಂದು ಹಳೆಯ ಪ್ರಾರ್ಥನಾಲಯ ಮತ್ತು ಅದರ ಗುರುಮನೆ. ದಂಪತಿ ಅಚ್ಚುಕಟ್ಟಿನವರು. ಗೋಡೆಯ ಮೇಲಿನ ಸಂತ ಲೂಸಿಯಾಳನ್ನು ಸುಣ್ಣದಡಿಯಿಂದ ಬಿಡಿಸಿ ಬಹಳ ಎಚ್ಚರದಿಂದ ಉಳಿಸಿಕೊಂಡಿದ್ದಾರೆ. ಮಂಚವನ್ನು ಆಕೆಯ ಕಾಲಬುಡದಲ್ಲಿ ಹಾಕಿದ್ದಾರೆ. ಪಾಪನಿವೇದನೆಯ ಮರದ ಗೂಡನ್ನು ಬಟ್ಟೆಯ ಕಪಾಟು ಮಾಡಿದ್ದಾರೆ. ಗುರುಗಳು ಕೂರುವ ಕಡೆ ಗಂಡಸಿನ ಅಂಗಿಗಳು, ಜನ ಮಂಡಿಯೂರುವ ಕಡೆ ಹೆಂಗಸಿನ ಉಡುಪುಗಳು. “ಪ್ರೇಮಿಗಳಿಗೆ ಇದು ತುಂಬಾ ಇಷ್ಟ” ಎಂದಳು ಮಿಲಾನಿನಾಕೆ. ಇರಬಹುದು. ಆದರೆ ಬೆಳಿಗ್ಗೆದ್ದು ಅಂಗಿಗೆಂದು ಆ ಬಾಗಿಲು ತೆಗೆಯುವವನು ನೀನೆಂಬುದನ್ನು ನೆನೆದು, ಇಲ್ಲಿ ನಿನಗೆ ನಿದ್ದೆ ಬಾರದು ಎಂದು ನಿರ್ಧರಿಸಿದೆ.

ಅಷ್ಟರಲ್ಲಿ ಆಕೆಯ ಗಂಡ ತಟ್ಟೆಯಲ್ಲಿ ನಾಲ್ಕು ಲೋಟ ಇಟ್ಟುಕೊಂಡು ಬಂದ.

“ಮೊದ್ಲೇ ಹೇಳ್ಬಾರ್ದಿತ್ತಾ! ಪ್ರೀತಿಗೆ ವಯಸ್ಸೆಲ್ಲಿ ಸ್ವಾಮಿ? ಅಭಿನಂದನೆಗಳು ಇಬ್ರಿಗೂ!”

ನಾನು ತಿದ್ದಬೇಕೆಂದು ಬಾಯಿ ತೆರೆದೆ. ಗೌದೆನ್ಸಿಯೊ ಲೋಟ ಎತ್ತಿಕೊಂಡು, “ಸುಮ್ನಿರಿ ಎರ್ಸೀಲಿಯಾ, ಕೊಟ್ಟಿದ್ದನ್ನ ಬೇಡ ಅನ್ಬಾರ್ದು” ಎಂದ. ಮರ್ಯಾದೆಗಾಗಿ ನಾನೂ ಲೋಟ ಖಾಲಿ ಮಾಡಿದೆ. ಹಿಂದಿರುಗುವ ದಾರಿಯುದ್ದಕ್ಕೂ ಅವನು ಸಿಳ್ಳು ಹಾಕುತ್ತಿದ್ದ.

ಆ ಸಂಜೆ ನನಗೆ ಸ್ಪಷ್ಟವಾಯಿತು: ನಮ್ಮ ಕಣಿವೆಯಲ್ಲಿ ಚೆಂದದ ಮನೆಗಳಿಗೇನೂ ಕೊರತೆಯಿಲ್ಲ, ನೀನು ಹೊಕ್ಕು ಹರಸದ ಮನೆಗೆ ಕೊರತೆಯಿದೆ. ಮೂವತ್ತಕ್ಕೂ ಮಿಕ್ಕಿದ ವರ್ಷಗಳಲ್ಲಿ ಈಸ್ಟರಿನ ಪಾಸ್ಕಹಬ್ಬದ ಆಶೀರ್ವಾದಕ್ಕೆಂದು ನೀನು ತಟ್ಟದ ಬಾಗಿಲು ಇಲ್ಲಿಲ್ಲ, ಆ ಬಾಗಿಲುಗಳಲ್ಲಿ ಪವಿತ್ರಜಲದ ಬಟ್ಟಲು ಹಿಡಿದು ನಾನು ನಿಲ್ಲದ ಹೊಸ್ತಿಲೂ ಇಲ್ಲ. ಆದುದರಿಂದ ಜಪಮಾಲೆ ಮಾತೆಯ ಹಬ್ಬದ ದಿನ, ಮೊನ್ನೆ ಸೋಮವಾರ, ಬಲಿಪೂಜೆ ಮುಗಿಸಿಕೊಂಡು, ದಕ್ಷಿಣಕ್ಕೆ ಮೊಲೀಸೆ ಸೀಮೆಯತ್ತ ಹೊರಟೆವು. ಹಿಂದೊಮ್ಮೆ ಯಾತ್ರಿಕರ ಬಸ್ಸು ಕೆಟ್ಟು ನಿಂತಾಗ ಗೌದೆನ್ಸಿಯೊ ಅಲ್ಲೊಂದು ಹೊಳೆಯ ಬದಿಯಲ್ಲಿ ಊಟ ಮಾಡಿದ್ದನಂತೆ. ಆ ಗಿರಣಿಮನೆ ಈಗ ತಂಗುಮನೆಯಾಗಿದೆಯೆಂದು ಕೇಳಿದ್ದನಂತೆ.

ತಮ್ಮ, ನೀನು ಕೇಳಿದ್ದ ಮನೆ ಅದೇ. ಕುರಿಮಂದೆಗಳ ಹಳೆಯ ಹೆದ್ದಾರಿಯನ್ನು ದಾಟಿ, ಓಕ್ ಮರಗಳ ನಡುವೆ ಜಲ್ಲಿಯ ರಸ್ತೆಯಲ್ಲಿಳಿದರೆ ತ್ರಿನ್ಯೊ ನದಿಯನ್ನು ಸೇರುವ ಒಂದು ತೊರೆ. ತೊರೆಯ ಮೇಲೆ ಅರ್ಧ ಕಾಲೂರಿ ನಿಂತ ಕಲ್ಲಿನ ಕಟ್ಟಡ. ಬೀಸುವ ಕಲ್ಲುಗಳು ನಿಂತಿವೆ, ನೀರು ನಿಂತಿಲ್ಲ. ಮೇಲಿನ ಕೋಣೆಯಲ್ಲಿ ಬೆಂಕಿಗೂಡು. ಟೆಲಿವಿಷನ್ ಇಲ್ಲ. ಮುಖ್ಯವಾಗಿ, ಅಲ್ಲಿ ನಮ್ಮನ್ನು ಅರಿತವರು ಒಬ್ಬರೂ ಇಲ್ಲ. ಎಲ್ಲವೂ ಕೂಡಿಬಂದಿದೆಯೆಂದು ಸಂತೋಷದಿಂದ ಗಂಟೆಯ ಹಗ್ಗ ಎಳೆದೆ.

“ಯಾರದು?” ಎಂದು ಒಳಗಿನಿಂದ ಒಂದು ಹೆಣ್ಣು ದನಿ.

ನನ್ನ ಬಾಯಿ, ನನ್ನನ್ನು ಕೇಳದೆಯೇ, ಎಲ್ಲ ಬಾಗಿಲುಗಳಲ್ಲಿಯೂ ಎಂದಿನಿಂದಲೂ ಕೊಡುತ್ತ ಬಂದ ಉತ್ತರವನ್ನೇ ಕೊಟ್ಟಿತು.

“ದೊನ್ ಪ್ಲಾಚಿದೊ ಅವರ ಅಕ್ಕ.”

ಹಿಂದೆ ಗೌದೆನ್ಸಿಯೊ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು, “ಮುಗೀತು. ಕಾರು ತಿರುಗಿಸ್ಲಾ?” ಎಂದ.

ಬಾಗಿಲು ತೆರೆದಾಕೆ ಲೊರೆದಾನಾ, ಮನೆಯ ಸೊಸೆ, ಐವತ್ತರ ಗಟ್ಟಿ ಹೆಂಗಸು. “ಗುರುಗಳ ಅಕ್ಕನಾ? ಬನ್ನಿ, ಬನ್ನಿ! ನಮ್ಮತ್ತೆಗೆ ಗುರುಗಳು ಅಂದ್ರೆ ಪ್ರಾಣ” ಎನ್ನುತ್ತ ನೇರವಾಗಿ ಮೇಲಿನ ಕೋಣೆಗೆ ಕರೆದೊಯ್ದಳು. ಇಪ್ಪತ್ತರಿಂದ ಒಂದು ವಾರಕ್ಕೆ ಕೋಣೆ ಬೇಕೆಂದಷ್ಟೇ ನಾನು ಹೇಳಿದ್ದು. ಮಿಕ್ಕದ್ದನ್ನೆಲ್ಲ ಆಕೆಯೇ ಅರ್ಥ ಮಾಡಿಕೊಂಡಳು.

“ಗುರುಗಳಿಗೂ ನಿಮ್ಗೂ ಅಲ್ವಾ? ಯೋಚ್ನೆ ಮಾಡ್ಬೇಡಿ. ಇದು ನೋಡೋಕೆ ದೊಡ್ಡ ಮಂಚ, ನಿಜವಾಗ್ಲೂ ಎರಡು ಮಂಚ ಸೇರಿಸಿರೋದು” ಎಂದವಳೇ ಸೊಂಟ ಕೊಟ್ಟು ಒಂದನ್ನು ಗೋಡೆಯತ್ತ ನೂಕಿದಳು. ಮತ್ತೊಂದನ್ನು ಕಿಟಕಿಯತ್ತ ಎಳೆದಳು. ನಡುವೆ ಒಂದು ಕುರ್ಚಿಯಿಟ್ಟಳು. ಹಜಾರದಿಂದ ಶಿಲುಬೆಯೊಂದನ್ನು ತಂದು ಗುರುಗಳ ಮಂಚದ ತಲೆಯ ಮೇಲೆ ತೂಗುಹಾಕಿದಳು. “ನಡುವೆ ಒಂದು ಪರದೆನೂ ಕಟ್ಟಿಸ್ಲಾ? ಗುರುಗಳು ಸಂಕೋಚದೋರಾ?”

ನಾನು ಆ ಎರಡು ಮಂಚಗಳನ್ನು ನೋಡುತ್ತ ನಿಂತೆ. ಸುಮ್ಮನಿದ್ದುಬಿಡುವುದು ಸುಲಭವಿತ್ತು. ಸುಮ್ಮನಿದ್ದರೆ ಇಪ್ಪತ್ತನೆಯ ತಾರೀಖು ನೀನು ಓರ್ನೆಲ್ಲಾಳ ಕೈ ಹಿಡಿದು ಈ ಬಾಗಿಲಿಗೆ ಬರುತ್ತೀಯೆ, ಈ ಕುರ್ಚಿಯನ್ನೂ ಈ ಶಿಲುಬೆಯನ್ನೂ ಕಾಣುತ್ತೀಯೆ, ಆಗ ಎಲ್ಲವನ್ನೂ ಬಾಯಿಬಿಟ್ಟು ವಿವರಿಸುವ ಸರದಿ ನಿನ್ನದಾಗುತ್ತದೆ. ಮದುವೆಯಾದ ಮರುದಿನ ಆ ಕೆಲಸ ನಿನ್ನ ಪಾಲಿಗೆ ಬರಬಾರದೆಂದೇ ಅಲ್ಲವೆ ನೀನು ನನ್ನನ್ನು ಕಳಿಸಿದ್ದು.

“ಬೇಡಮ್ಮ” ಎಂದೆ. “ಮಂಚ ಮತ್ತೆ ಸೇರ್ಸಿ. ನಾನು ಬರ್ತಿಲ್ಲ. ನನ್ನ ತಮ್ಮನಿಗೆ ಮದ್ವೆ. ಅವನೂ ಅವನ ಹೆಂಡ್ತೀನೂ ಬರ್ತಾರೆ.”

ಕೆಳಗೆ ನೀರಿನ ಸದ್ದು ಬಹಳ ಜೋರಾಗಿ ಕೇಳಿಸಿತು.

“ಗುರುಗಳಿಗೆ?” ಎಂದಳು ಲೊರೆದಾನಾ.

“ಗುರುಗಳಾಗಿದ್ದವನಿಗೆ. ಈಗ ಅಂಕೋನಾದಲ್ಲಿ ಮಕ್ಕಳಿಗೆ ಪಾಠ ಹೇಳ್ತಾನೆ, ಹೆಣ್ಣೂ ಆ ಊರಿನವಳೇ. ರೋಮಿನಿಂದ ಅಪ್ಪಣೆ ಬಂದಿದೆ, ಚರ್ಚಿನಲ್ಲೇ ಮದ್ವೆ. ಬಚ್ಚಿಡೋಂಥಾದ್ದು ಏನೂ ಇಲ್ಲ.”

ಆಕೆ ಕೈಯನ್ನು ಒರಸಿಕೊಂಡು ಕೆಳಗಿಳಿದು ಹೋದಳು. ಹಲಗೆಯ ನೆಲವಾದ್ದರಿಂದ ಅಡಿಗೆಮನೆಯ ಮಾತು ಮೇಲಕ್ಕೆ ಅಕ್ಷರಶಃ ಕೇಳಿಸುತ್ತಿತ್ತು. ಅತ್ತೆಯ ಹೆಸರು ಬಾಂಬೀನಾ. ತೊಂಬತ್ತರ ಹತ್ತಿರದ ಮುದುಕಿ, ಕಿವಿ ಮಂದ.

“ಏನಂದೆ? ಜೋರಾಗ್ ಹೇಳು!”

“ಗುರುಗಳಿಗೆ ಮದ್ವೆಯಂತೆ ಅತ್ತೇ!”

“ಯಾರ್ ಜೊತೆ?”

“ಅಂಕೋನಾದವಳಂತೆ!”

“ಅಂಕೋನಾದವಳಾ! ಅಯ್ಯೋ ಪಾಪ, ಅವ್ರಿಗೆ ಮೀನಿನ ಸಾರು ಬಿಟ್ಟು ಇನ್ನೇನೂ ಬರಲ್ಲ.” ಸ್ವಲ್ಪ ಹೊತ್ತು ಬೀನ್ಸ್ ಬಿಡಿಸುವ ಸದ್ದು. “ಹೋಗ್ಲಿ ಬಿಡು. ಹಾಸಿಗೆ ಯಾರು ಹಾಸ್ತಾರೆ?”

ಗೌದೆನ್ಸಿಯೊ ಬಾಗಿಲ ಚೌಕಟ್ಟಿಗೆ ಹಣೆ ಒತ್ತಿಕೊಂಡು ನಗುತ್ತಿದ್ದ. ನಾನು ಕುರ್ಚಿಯ ಮೇಲೆ ಕುಳಿತೆ. ಇಷ್ಟು ವರ್ಷ ನಾನು ಹೆದರುತ್ತಿದ್ದ ಜನರ ಬಾಯಿ ಇದೇ ಏನು ಎನಿಸಿತು. ಎಲ್ಲ ಬಾಯಿಗಳೂ ಹೀಗಿರುವುದಿಲ್ಲವೆಂದು ಗೊತ್ತು. ಆದರೆ ಹೀಗಿರುವುದೂ ಒಂದುಂಟೆಂದು ಅಂದು ತಿಳಿಯಿತು.

ಮುದುಕಿ ಮೆಟ್ಟಿಲು ಹತ್ತಿ ಬಂದಳು, ತೋಳಮೇಲೆ ತನ್ನ ಮದುವೆಯ ಕಾಲದ ನಾರುಬಟ್ಟೆಯ ಹೊದಿಕೆಗಳೊಡನೆ. ಹೊಸ ದಂಪತಿಯ ಮೊದಲ ಹಾಸಿಗೆಯನ್ನು ಮದುವೆಯಾಗದ ಇಬ್ಬರು ಸೇರಿ ಹಾಸಬೇಕು, ಅವರು ಬಂದು ಮಲಗುವವರೆಗೆ ಆ ಕೋಣೆಗೆ ಬೀಗ ಬೀಳಬೇಕು. ನಮ್ಮಮ್ಮನ ಕಾಲದಲ್ಲಿ ನಮ್ಮಲ್ಲಿಯೂ ಇದೇ ಪದ್ಧತಿಯಿತ್ತಲ್ಲ. ಈ ಮನೆಯಲ್ಲಿ ಯಾವ ಜೋಡಿ ಬಂದರೂ ಬಾಂಬೀನಾ ಅಜ್ಜಿ ಅದನ್ನು ಬಿಟ್ಟುಕೊಟ್ಟಿಲ್ಲವಂತೆ.

“ನಮ್ಮನೇಲಿ ಈಗ ಕನ್ಯೆಯರೇ ಇಲ್ಲ” ಎಂದಳು ಅಜ್ಜಿ. “ಮೊಮ್ಮಗಳಿಗೆ ಮದ್ವೆ ಆಗಿ ಬಿಟ್ಟೂ ಆಯ್ತು. ಅದು ಲೆಕ್ಕಕ್ಕೆ ಬರುತ್ತೋ ಇಲ್ವೋ ನಂಗೊತ್ತಿಲ್ಲ. ನೀನೇನವ್ವಾ, ನಿನಗೆ ಗಂಡ ಉಂಟಾ?”

“ಇಲ್ಲಜ್ಜಿ. ಆಗ್ಲೇ ಇಲ್ಲ.”

“ಒಂದಾಯ್ತು. ಬಾಗಿಲಲ್ಲಿ ನಿಂತಿರೋನು ಯಾರು?”

“ನಾನು ಡ್ರೈವರು” ಎಂದ ಗೌದೆನ್ಸಿಯೊ.

“ಅದಲ್ಲ ಕೇಳಿದ್ದು. ಮದ್ವೆ ಆಗಿದೆಯಾ?”

“ಇಲ್ಲಜ್ಜಿ.”

“ಆಗೋ ಅಂದಾಜಿದೆಯಾ?”

“ಈ ವಯಸ್ಸಿಗೆ ಯಾರಜ್ಜಿ ಹೆಣ್ಣು ಕೊಡ್ತಾರೆ?”

“ಹಾಗಿದ್ರೆ ಕೈ ತೊಳ್ಕೊಂಡ್ ಬಾ.”

“ಇಬ್ರೂ ಹೆಣ್ಣುಮಕ್ಕಳೇ ಇರ್ಬೇಕಲ್ವಾ ಅತ್ತೆ?” ಎಂದು ಲೊರೆದಾನಾ ಮೆಲ್ಲಗೆ ನೆನಪಿಸಿದಳು.

“ಮದುಮಗ ಪಾದ್ರಿ ಆಗಿರ್ಬಹುದಂತೆ, ಹಾಸಿಗೆ ಹಾಸೋಕೆ ಇವನಾಗಲ್ವಾ?” ಎಂದಳು ಅಜ್ಜಿ. ಅಲ್ಲಿಗೆ ಆ ವಾದ ಮುಗಿಯಿತು.

ಮೊದಲು ಮಂಚಗಳನ್ನು ಸೇರಿಸಿದೆವು. ನಡುವಿನ ಕಾಲುಗಳು ಜಾರದಂತೆ ಗೌದೆನ್ಸಿಯೊ ಕಾರಿನಿಂದ ಹಗ್ಗ ತಂದು ಬಿಗಿದ. ಬಸ್ಸಿನ ಮೇಲೆ ಸಾಮಾನು ಬಿಗಿದ ಕೈ ಅದು, ನೀವು ಚಿಂತಿಸಬೇಕಾಗಿಲ್ಲ. ಬಳಿಕ ಅವನು ಆ ಬದಿಗೆ, ನಾನು ಈ ಬದಿಗೆ ನಿಂತು ಹೊದಿಕೆಯನ್ನು ಬೀಸಿ ಹಾಸಿದೆವು. ಮೂಲೆ ಮಡಿಸುವುದು ಅವನಿಗೆ ಬರುವುದಿಲ್ಲ. ನಿನಗೂ ಬರುತ್ತಿರಲಿಲ್ಲ. ನಾನು ಕೊನೆಯದಾಗಿ ಇನ್ನೊಬ್ಬರೊಡನೆ ಹಾಸಿಗೆ ಹಾಸಿದ್ದು ಅಮ್ಮನ ಕೊನೆಯ ದಿನ, ಆ ಬದಿಯಲ್ಲಿ ನೀನಿದ್ದೆ. ಮೂಲೆಯನ್ನು ಮುದ್ದೆ ಮಾಡಿ ತುರುಕಿ, ಜೇಬಿನಿಂದ ಪಾಪನಿವೇದನೆ ಕೇಳುವಾಗ ತೊಡುವ ನೇರಳೆ ಬಣ್ಣದ ಕೊರಳಪಟ್ಟಿ ತೆಗೆದು ಧರಿಸಿ, “ಅಕ್ಕ, ನೀನು ಸ್ವಲ್ಪ ಹೊರಗಿರು” ಎಂದಿದ್ದೆ. ಅಮ್ಮನ ಪಾಪನಿವೇದನೆ ಕೇಳಿ ನೀನು ಬಾಗಿಲು ತೆರೆದಾಗ ಅವಳ ಹಣೆಯಲ್ಲಿ ಒಂದೂ ಗೆರೆಯಿರಲಿಲ್ಲ. ಮೊನ್ನೆ ಆ ಹೊದಿಕೆಯ ಅಂಚು ಹಿಡಿದಾಗ ಇದೆಲ್ಲ ನೆನಪಾಯಿತು.

ಅಜ್ಜಿ ಕುರ್ಚಿಯಲ್ಲಿ ಕುಳಿತು ಮೇಲ್ವಿಚಾರಣೆ ನಡೆಸುತ್ತಿದ್ದಳು.

“ನಿನ್ನನ್ನ ಯಾರೂ ಕೇಳ್ಲಿಲ್ವೇನವ್ವಾ? ನೋಡೋಕೆ ಲಕ್ಷಣವಾಗೇ ಇದ್ದೀಯ.”

ನಾನು ಉತ್ತರಿಸುವ ಮೊದಲೇ ಮಂಚದ ಆ ಬದಿಯಿಂದ ಗೌದೆನ್ಸಿಯೊ, ತಲೆಯೆತ್ತದೆ, “ಕೇಳಿದ್ರಜ್ಜಿ. ತಮ್ಮನ ಗುರುಮನೆ ನೋಡ್ಕೊಳ್ಳೋರು ಬೇಕಲ್ವಾ ಅಂತ ಇವ್ರೇ ಹೇಳಿ ಕಳ್ಸಿಬಿಟ್ರು” ಎಂದ.

ಕೇಳಿದವನು ಯಾರೆಂದು ಅಜ್ಜಿ ವಿಚಾರಿಸಲಿಲ್ಲ. ಮಂಚದ ಆಚೆ ನಿಂತವನನ್ನೇ ಒಮ್ಮೆ ನೋಡಿದಳು. ನಾವಿಬ್ಬರೂ ಹೊದಿಕೆಯ ಸುಕ್ಕನ್ನು ಬಿಡಿಸಿದೆವು. ಆ ಕಾಲದ ಪದ್ಧತಿ ಹಾಗಿತ್ತು. ನಾನು ದುಡುಕಿಯೂ ಇರಲಿಲ್ಲ, ಅತ್ತೂ ಇರಲಿಲ್ಲ. ನಿನಗೆ ತಿಳಿದಿರಲಿಲ್ಲವೆಂದು ಇಲ್ಲಿ ಬರೆದೆ, ಅಷ್ಟೆ. ಇದನ್ನು ನೀನು ಹೊತ್ತುಕೊಳ್ಳಬೇಕಾದದ್ದಿಲ್ಲ.

ಸುಲ್ಮೋನಾದವರ ಕಾರಿನಲ್ಲಿ ಆ ಊರಿನ ಹೆಸರಾಂತ ಮದುವೆಯ ಸಕ್ಕರೆ ಪಾಕದ ಬಾದಾಮಿ ಇಲ್ಲದೆ ಇರುವುದುಂಟೆ? ಗೌದೆನ್ಸಿಯೊ ತಂದುಕೊಟ್ಟ, ಶುಭವೆಂದು ಬೆಸಸಂಖ್ಯೆಯಲ್ಲಿ ಎಣಿಸಿ ಹೊದಿಕೆಯ ನಾಲ್ಕು ಮೂಲೆಗೂ ನಡುವಿಗೂ ಹಾಕಿದೆವು. ಶಿಲುಬೆಯನ್ನು ಲೊರೆದಾನಾ ಕೆಳಗಿಳಿಸಲು ಹೊರಟಳು. ಇರಲಿ ಎಂದೆ. ಎರಡು ಮಂಚಕ್ಕೂ ಸೇರಿ ಅದು ಈಗ ನಡುಮಧ್ಯಕ್ಕೆ ಬರುವಂತೆ ಮೊಳೆ ಬದಲಿಸಿಕೊಟ್ಟಳು. ಅಜ್ಜಿ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಮಡಿಲಬಟ್ಟೆಯಲ್ಲಿ ಕಟ್ಟಿಕೊಂಡಳು. ನೀವು ಹೋಗುವವರೆಗೆ ಅದು ಇಲಿಗೂ ತೆರೆಯುವುದಿಲ್ಲವಂತೆ.

ಹೊರಡುವಾಗ ಲೊರೆದಾನಾ ಕೇಳಿದಳು, “ಅವ್ರನ್ನ ಏನೂಂತ ಕರೀಬೇಕು? ದೊನ್ ಅನ್ಬಾರ್ದು ಅಲ್ವಾ?”

“ಮೇಷ್ಟ್ರು ಅಂತ ಕರಿ” ಎಂದಳು ಅಜ್ಜಿ. “ಪಾಠ ಹೇಳ್ತಾನಂತಲ್ಲ. ಮೇಷ್ಟ್ರು ಅಂದ್ರೆ ಯಾರ್ ಬೇಜಾರ್ ಮಾಡ್ಕೋತಾರೆ?” ನನ್ನ ಕಡೆ ತಿರುಗಿ, “ನಿನ್ ಹೆಸರೇನವ್ವಾ? ಬಂದಾಗಿಂದ ಅವನಕ್ಕ, ಅವನಕ್ಕ ಅಂತಾನೇ ಕೇಳ್ತಿದ್ದೀನಿ.”

ಹೇಳಿದೆ. ಅಜ್ಜಿ ಅದನ್ನು ಎರಡು ಸಲ ತಪ್ಪಾಗಿ ಹೇಳಿ, ಮೂರನೆಯ ಸಲ ಸರಿಮಾಡಿಕೊಂಡಳು.

ಹೀಗೆ ನಿನ್ನ ಷರತ್ತು ಅಕ್ಷರಶಃ ಈಡೇರಿತು. ನೀನು ಯಾರಾಗಿದ್ದೆಯೆಂದು ಆ ಮನೆಗೆ ಗೊತ್ತು, ಹಾಗೆಂದು ಕರೆಯುವವರು ಯಾರೂ ಇಲ್ಲ. ಇದಕ್ಕಿಂತ ಉತ್ತಮವಾದದ್ದು ನನಗೆ ಸಿಕ್ಕಲಾರದು. ಕೆಲವು ಸಣ್ಣ ಸೂಚನೆಗಳು: ತೊರೆಯ ತಂಪು ಗೋಡೆಯೊಳಗೂ ಬರುತ್ತದೆ, ಓರ್ನೆಲ್ಲಾಳಿಗೆ ಉಣ್ಣೆಯ ಶಾಲು ಇರಲಿ. ಕೊನೆಯ ಇಳಿಜಾರಿನಲ್ಲಿ ಜಲ್ಲಿ ಜಾರುತ್ತದೆ. ಓರ್ನೆಲ್ಲಾ ವ್ಯಾಯಾಮ ಮಾಡಿಸಿ ಸರಿಪಡಿಸಿದ ನಿನ್ನ ಮೊಣಕಾಲನ್ನು ಅಲ್ಲಿ ಮತ್ತೆ ಪರೀಕ್ಷಿಸಬೇಡ. ಅಜ್ಜಿಯ ಬಲಗಿವಿಯ ಕಡೆ ಕುಳಿತು ಮಾತಾಡು. ಚೀಸು ಮೊಟ್ಟೆಯ ಉಂಡೆಗಳನ್ನು ಎರಡನೆಯ ಸಲ ಬಡಿಸಿದರೆ ಬೇಡವೆನ್ನಬಾರದು. ಭಾನುವಾರ ಊರಿನ ಚರ್ಚಿನಲ್ಲಿ ಹನ್ನೊಂದಕ್ಕೆ ಬಲಿಪೂಜೆ. ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ, ಮತ್ತು ಪೀಠದ ಮೇಲಿನವರು ತಪ್ಪಿದರೆ ನೀನು ತುಟಿಯಾಡಿಸಿ ತಿದ್ದಬೇಡ.

ಇನ್ನು ನಿನ್ನ ಎರಡನೆಯ ಪ್ರಶ್ನೆ. ಮಂಚ ಸೇರಿಸಿ ಕಟ್ಟಿಸಿ ಬಂದವಳು ಮದುವೆಗೆ ಸಾಕ್ಷಿಯಾಗಲಾರೆನೆಂದು ಹೇಗೆ ಹೇಳಲಿ? ಬರುತ್ತೇನೆ. ಗಂಟೆ ಬಾರಿಸುವವನು ಗಂಟೆಯನ್ನೇ ಬಾರಿಸಲಿ. ಶುಕ್ರವಾರ ಸಂಜೆ, ಸಂತ ಲೂಕನ ಹಬ್ಬದ ದಿನ, ಪೆಸ್ಕಾರಾದಿಂದ ಬರುವ ರೈಲಿನಲ್ಲಿ ಬಂದಿಳಿಯುತ್ತೇನೆ. ಬೂದುಬಣ್ಣದ ಕೋಟು ಹಾಕಿಕೊಂಡಿರುತ್ತೇನೆ. ಕಪ್ಪನ್ನು ಬೇಕೆಂದೇ ಬಿಟ್ಟು ಬರುತ್ತಿದ್ದೇನೆ. ಗೌದೆನ್ಸಿಯೊ ಕಾರಿನಲ್ಲೇ ಅಂಕೋನಾವರೆಗೆ ಬಿಡುತ್ತೇನೆಂದ. ಹೆದ್ದಾರಿಯ ಲಾರಿಗಳ ನಡುವೆ ಅವನ ಸಿಳ್ಳನ್ನು ಸಹಿಸಲಾರೆನೆಂದು ರೈಲನ್ನೇ ಆರಿಸಿದೆ. ರೈಲಿನಲ್ಲಿ ತಾನೂ ಬರುತ್ತಾನಂತೆ, ಸಾಮಾನು ಹೊರಲು. ನನ್ನ ಸಾಮಾನು ಒಂದು ಚೀಲ ಮತ್ತು ಆ ಬಾಟಲಿ.

ಓರ್ನೆಲ್ಲಾಳಿಗೆ ನನ್ನ ಮುತ್ತು ತಿಳಿಸು. ಅವಳನ್ನು ನಾನಿನ್ನೂ ಕಂಡಿಲ್ಲ, ಆದರೆ ಮಲಗುವ ಮೊದಲು ಜಪಮಾಲೆಯಲ್ಲಿ ನಿನ್ನ ಹೆಸರಿನ ಪಕ್ಕದಲ್ಲಿ ಅವಳ ಹೆಸರನ್ನು ಸೋಮವಾರದಿಂದ ಸೇರಿಸಿದ್ದೇನೆ. ನಿಮ್ಮಿಬ್ಬರ ಮನೆಯ ಬಾಗಿಲನ್ನು ದೇವರು ತನ್ನ ಕೈಯಿಂದಲೇ ತೆರೆಯಲಿ, ರಾತ್ರಿ ತನ್ನ ಕೈಯಿಂದಲೇ ಮುಚ್ಚಲಿ. ಅಮ್ಮನ ಆಶೀರ್ವಾದ ನಿಮ್ಮ ತಲೆಯ ಮೇಲಿರಲಿ.

ಎಂದಿನಂತೆ ನಿನ್ನ ಅಕ್ಕ,
ಎರ್ಸೀಲಿಯಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಜಾಗ ಸಾಲಲಿಲ್ಲವೆಂದುಕೋ. ಈ ಎರಡು ವರ್ಷ ನಾನು ನಿನ್ನೊಡನೆ ಮಾತು ಕಡಿಮೆ ಮಾಡಿದ್ದು ಊರಿನ ಬಾಯಿಗೆ ಹೆದರಿ ಎಂದು ನೀನು ತಿಳಿದಿದ್ದೀಯೆ. ಅದು ಪೂರ್ತಿ ನಿಜವಲ್ಲ, ನೀನು ಪೀಠವನ್ನು ಬಿಟ್ಟದ್ದೂ ಕಾರಣವಲ್ಲ. ಅಮ್ಮನ ಕೋಣೆಯ ಬಾಗಿಲು ತೆರೆದು ಅವಳ ಹಣೆಯನ್ನು ಕಂಡ ದಿನದಿಂದ, ನನ್ನ ಸರದಿಯೂ ಹೀಗೆಯೇ ಎಂದು ನಾನು ನಿಶ್ಚಿಂತಳಾಗಿದ್ದೆ. ಬೇರೆಯವರು ಗುರುಗಳಿಗಾಗಿ ಹೇಳಿಕಳಿಸಿ ಕಾಯಬೇಕು, ನನಗೆ ಪಕ್ಕದ ಕೋಣೆಯಲ್ಲೇ ಇದ್ದಾನೆ ಎಂದು. ರೋಮಿನಿಂದ ಬಂದ ಅಪ್ಪಣೆಯನ್ನು ನೀನು ಅಡಿಗೆಮನೆಯಲ್ಲಿ ಓದಿ ಹೇಳಿದೆಯಲ್ಲ, ಇನ್ನು ಮುಂದೆ ಇದಿಲ್ಲ, ಇದಿಲ್ಲ ಎಂದು. ಆಗ ನಾನು ಆಲೂಗಡ್ಡೆ ಹೆರೆಯುತ್ತ, ಸಾಯುವವರ ಪಾಪನಿವೇದನೆಯ ಆ ಒಂದು ಮಾತಿಗಾಗಿ ಕಾದಿದ್ದೆ. ಅದನ್ನು ನೀನು ಎತ್ತಲಿಲ್ಲ. ನಿನಗೆ ಅದು ಹೊಳೆದೇ ಇಲ್ಲ ಎಂದು ನಾನು ಕೇಳದೆ ಸುಮ್ಮನಾದೆ.

ಸೋಮವಾರ ಗಿರಣಿಮನೆಯಿಂದ ಮರಳಿದವಳು ದೊನ್ ಸೆಲೆಸ್ತೀನರ ಬಳಿ ಹೋಗಿ, ಯಾರದೋ ಪರವಾಗಿ ವಿಚಾರಿಸುವಂತೆ ವಿಚಾರಿಸಿದೆ. ಅವರು ಧರ್ಮಶಾಸನದ ಪುಸ್ತಕ ತೆರೆದು ಓದಿ ತೋರಿಸಿದರು. ಪವಿತ್ರ ತೈಲದ ಅಭ್ಯಂಗ ಇಲ್ಲ. ಬಲಿಪೂಜೆ ಇಲ್ಲ. ಆದರೆ ಸಾಯುತ್ತಿರುವವರ ಪಾಪನಿವೇದನೆಯನ್ನು ಕೇಳಿ ಕ್ಷಮೆಯ ಮಾತನ್ನು ಹೇಳುವುದು, ದೀಕ್ಷೆಯನ್ನು ಬಿಟ್ಟವನಿಗೂ ಉಂಟು. ಅದೊಂದನ್ನು ಧರ್ಮಸಭೆ ಹಿಂದಕ್ಕೆ ಪಡೆಯುವುದಿಲ್ಲ. ಪುಸ್ತಕ ಮುಚ್ಚಿ, “ಅಮ್ಮ ಎರ್ಸೀಲಿಯಾ, ಆ ಯಾರೋ ಒಬ್ಬರು ಆರೋಗ್ಯವಾಗಿದ್ದಾರಾ?” ಎಂದು ಕೇಳಿದರು. “ಚೆನ್ನಾಗೇ ಇದ್ದಾಳೆ, ಅವಸರವೇನೂ ಇಲ್ಲ” ಎಂದೆ.

ಅವಸರವೇನೂ ಇಲ್ಲ. ಆದರೆ ಒಂದು ದಿನ ಗೌದೆನ್ಸಿಯೊ ಫೋನು ಮಾಡಿದರೆ, ಏನು ಎತ್ತ ಎಂದು ಕೇಳುತ್ತ ಕೂರದೆ ಹೊರಟು ಬಾ. ನಿನ್ನ ನೇರಳೆ ಕೊರಳಪಟ್ಟಿ ನನ್ನ ಬಳಿಯಲ್ಲೇ ಇದೆ, ನಿನ್ನೆ ಇಸ್ತ್ರಿ ಮಾಡಿಟ್ಟಿದ್ದೇನೆ. ಓರ್ನೆಲ್ಲಾಳನ್ನೂ ಕರೆದುಕೊಂಡು ಬಾ. ನಿನಗೆ ಮೂಲೆ ಮಡಿಸಲು ಬರುವುದಿಲ್ಲ. ಹಾಸಿಗೆಯ ಇನ್ನೊಂದು ಬದಿ ಹಿಡಿಯಲು ಆಗ ಒಬ್ಬರು ಬೇಕಾಗುತ್ತದೆ.